ಹಾಸ್ಯನಟರ ಕೋಟಿಗೆ ನಾನು ಹಾಕಿದ ಹೊಲಿಗೆ

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದೆ. ನನ್ನ ಗಂಡ ಊರಿನ ಕಾರು ಕಂಪನಿಯಲ್ಲಿ ಬ್ರೇಕುಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಅವರ ವೀಸಾ ಮೇಲೆ ಬಂದಿದ್ದ ನನಗೆ ಮೊದಲ ಕೆಲವು ವರ್ಷ ಕೆಲಸ ಮಾಡುವ ಅನುಮತಿ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ವಾರವೇ ಆ ಅಂಗಡಿಗೆ ಹೋಗಿ, ಪ್ಯಾಂಟು ಗಿಡ್ಡ ಮಾಡುವುದರಿಂದ ಹಿಡಿದು ಕೋಟಿನ ಒಳಬದಿಯ ಅಸ್ತರು ಬದಲಿಸುವವರೆಗೆ ಎಲ್ಲ ಬರುತ್ತದೆ ಅಂದೆ. ಸುಳ್ಳಲ್ಲ. ನನ್ನ ಅಪ್ಪ ದಾವಣಗೆರೆಯಲ್ಲಿ ದರ್ಜಿ. ಮನೆಯಲ್ಲಿ ನಮ್ಮದು ಉರ್ದು, ಶಾಲೆಯಲ್ಲಿ ಕನ್ನಡ, ಅಪ್ಪನ ಅಂಗಡಿಯಲ್ಲಿ ಎರಡೂ. ಅವರು ಒಂದು ಮಾತನ್ನು ಎರಡು ಭಾಷೆಯಲ್ಲೂ ಹೇಳುತ್ತಿದ್ದರು: ಗಿರಾಕಿ ಗುಂಡಿ ಹಾಕಿಸಲು ಕೊಟ್ಟ ಅಂಗಿಯಲ್ಲಿ ತೂತು ಕಂಡರೆ, ಅವನು ಕೇಳದಿದ್ದರೂ ಹೊಲಿದು ಕೊಡಬೇಕು. ಅಪ್ಪನ ಈ ಮಾತನ್ನು ಪಾಲಿಸಲು ಹೋಗಿಯೇ ನಾನು ಒಬ್ಬ ದೊಡ್ಡ ಮನುಷ್ಯರ ಹೊಟ್ಟೆಪಾಡಿಗೆ ಕೈ ಹಾಕಿಬಿಟ್ಟೆ.

ಅವರು ಮಾರ್ಚ್ ತಿಂಗಳ ಒಂದು ಮಂಗಳವಾರ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಉದ್ದಕ್ಕೆ ಕಬ್ಬಿನಂತೆ ಸಣಕಲು ದೇಹ, ತಲೆಯ ಮೇಲೆ ಹಳೆಯ ಟೋಪಿ. ತೋಳಿನ ಮೇಲೆ ಒಂದು ಕಂದು ಓವರ್‌ಕೋಟು. ಬಾಯಿ ಬಿಟ್ಟ ಕೂಡಲೇ ಇವರು ಅಮೆರಿಕದವರಲ್ಲ ಅನ್ನಿಸಿತು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಯಾವ ಉಚ್ಚಾರಣೆಗಾಗಿ ಒದ್ದಾಡುತ್ತಿದ್ದರೋ ಅದು ಈ ಮನುಷ್ಯರ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಮೇಡಂ, ವಯಸ್ಸಾಗಿ ನಾನು ಎರಡು ಇಂಚು ಕುಳ್ಳಗಾಗಿದೀನಿ. ಕೋಟು ಮಾತ್ರ ಹಾಗೇ ಇದೆ. ಕೆಳಗಿನ ಅಂಚನ್ನ ಎರಡು ಇಂಚು ಮೇಲೆ ಮಡಚಿ ಹೊಲೀಬೇಕು. ಶನಿವಾರ ಇದನ್ನ ಹಾಕ್ಕೋಬೇಕು."

ಅಳತೆ ತೆಗೆದುಕೊಂಡೆ. ಅವರು ಹೋದ ಮೇಲೆ ಕೋಟನ್ನು ಒಳಹೊರಗು ಮಾಡಿ ನೋಡಿದೆ. ಎರಡು ಹೊರ ಜೇಬಿಗೂ ತಳ ಇಲ್ಲ. ಎಡ ತೋಳಿನ ಅಸ್ತರು ಬಗಲಲ್ಲಿ ಬಾಯಿ ಬಿಟ್ಟಿದೆ. ಬೆನ್ನಿನ ಅಸ್ತರಿನಲ್ಲಿ ಕೈ ತೂರುವಷ್ಟು ಸೀಳು. ಎಣಿಸಿದೆ, ಒಟ್ಟು ಏಳು ತೂತು. ಪಾಪ, ಒಂಟಿ ಮುದುಕರು, ನೋಡಿಕೊಳ್ಳುವವರು ಯಾರೂ ಇಲ್ಲ ಅಂದುಕೊಂಡೆ. ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಹರಿದ ಬಟ್ಟೆಯ ಅಂಚು ಎಳೆ ಬಿಟ್ಟುಕೊಂಡಿರುತ್ತದೆ. ಈ ತೂತುಗಳ ಸುತ್ತ ಯಾರೋ ಒತ್ತೊತ್ತಾಗಿ ಕೈಹೊಲಿಗೆ ಹಾಕಿದ್ದರು. ಯಾರೋ ರಿಪೇರಿ ಶುರು ಮಾಡಿ ಅರ್ಧಕ್ಕೇ ಬಿಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಎರಡು ದಿನ ಕೂತು ಏಳನ್ನೂ ಮುಚ್ಚಿದೆ. ಜೇಬುಗಳಿಗೆ ಗಟ್ಟಿ ಬಟ್ಟೆಯ ಹೊಸ ತಳ ಕೊಟ್ಟೆ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಶುಕ್ರವಾರ ಅವರು ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಬಂದರು. ಕೋಟು ಪ್ಲಾಸ್ಟಿಕ್ ಹೊದಿಕೆಯೊಳಗೆ ಇತ್ತು, ಬಿಚ್ಚಿ ನೋಡಲಿಲ್ಲ. "ನಾಳೆ ಮಧ್ಯಾಹ್ನ ಎರಡಕ್ಕೆ ಲೈಬ್ರರಿಯ ಸಭಾಂಗಣದಲ್ಲಿ ನನ್ನದೊಂದು ಸಣ್ಣ ಹಾಸ್ಯದ ಶೋ ಇದೆ. ಮನೆಯವರನ್ನ ಕರಕೊಂಡು ಬನ್ನಿ" ಅಂದರು. ಇವರು ಹಾಸ್ಯನಟರು ಎಂದು ನನಗೆ ಗೊತ್ತಾದದ್ದು ಆಗಲೇ.

ನಾವು ಮೂವರೂ ಹೋದೆವು. ನಾನು, ಗಂಡ, ಎಂಟು ವರ್ಷದ ಮಗಳು. ಸಭಾಂಗಣದ ತುಂಬ ವಯಸ್ಸಾದವರು. ವೇದಿಕೆಯ ಮೇಲೆ ಒಂದು ಬೆಂಚು, ಒಂದು ಸೂಟ್‌ಕೇಸು. ಅವರು ಟೋಪಿ, ಕೋಟು ಹಾಕಿಕೊಂಡು ಬಂದರು. ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಟಿಕೆಟ್ ಹುಡುಕುವ ಮನುಷ್ಯನ ಆಟ ಅದು. ಬಲ ಜೇಬಿಗೆ ಕೈ ಹಾಕಿದರು. ಕೈ ಮಣಿಕಟ್ಟಿನವರೆಗೆ ಹೋಗಿ ನಿಂತಿತು. ಮುಖದಲ್ಲಿ ಏನೋ ಬದಲಾಯಿತು. ಎಡ ಜೇಬು ನೋಡಿದರು. ಅದೂ ನಿಂತಿತು. ಕೋಟಿನ ಒಳಗೆ ಬೆನ್ನ ಕಡೆ ತಡಕಿದರು, ಬಗಲಲ್ಲಿ ತಡಕಿದರು. ಆಮೇಲೆ ಎರಡೂ ಜೇಬುಗಳನ್ನು ನಿಧಾನವಾಗಿ ಹೊರಗೆಳೆದು, ನನ್ನ ಹೊಲಿಗೆಯನ್ನು ಮೂಗಿನ ಹತ್ತಿರ ತಂದು ನೋಡಿದರು.

ನನಗೆ ಆಗ ಹೊಳೆಯಿತು. ನಾನು ಗಂಡನ ತೋಳು ಹಿಡಿದು, "ರೀ, ಆ ತೂತು ಬೇಕಂತಲೇ ಮಾಡಿದ್ದು ಕಣ್ರೀ" ಅಂದೆ. ಗಂಡ ಹುಬ್ಬಳ್ಳಿಯವರು. ವೇದಿಕೆಯಿಂದ ಕಣ್ಣು ಕೀಳದೆ, "ಅಂದ್ರ ನೀ ಅವ್ರ ಅಂಗಡೀನ ಮುಚ್ಚಿಸಿದಿ ಅಂದಂಗಾತು. ಸುಮ್ಮ ಕೂಡು ಈಗ" ಅಂದರು.

ವೇದಿಕೆಯ ಮೇಲಿದ್ದವರು ಸಭೆಯ ಕಡೆ ತಿರುಗಿ ಶಾಂತವಾಗಿ ಹೇಳಿದರು: "ಈ ಹೊತ್ತು ನೀವು ತೂತು ಕೋಟಿನ ಮನುಷ್ಯನೊಬ್ಬ ಟಿಕೆಟ್ ಹುಡುಕೋದನ್ನ ನೋಡಬೇಕಿತ್ತು. ಯಾರೋ ಪುಣ್ಯಾತ್ಮರು ಅವನನ್ನ ರಿಪೇರಿ ಮಾಡಿದಾರೆ."

ಜನ ನಕ್ಕರು. ಅವರು ಮೆಟ್ಟಿಲಿಳಿದು ಮೊದಲ ಸಾಲಿಗೆ ಬಂದು, ಒಬ್ಬರ ಕನ್ನಡಕ ಕೇಳಿ ಜೇಬಿಗೆ ಹಾಕಿಕೊಂಡರು. ಅದು ಅಲ್ಲೇ ನಿಂತದ್ದು ಕಂಡು ಅವರಿಗೆ ಮಹದಾಶ್ಚರ್ಯ. ಮತ್ತೊಬ್ಬರ ಬೀಗದ ಕೈ, ಒಂದು ಬಾಳೆಹಣ್ಣು, ಒಬ್ಬ ಅಜ್ಜಿಯ ಉಲ್ಲನ್ನಿನ ಉಂಡೆ, ಸೂಜಿ ಸಮೇತ ಅರ್ಧ ಹೆಣೆದ ಕಾಲುಚೀಲ, ನನ್ನ ಮಗಳ ಒಂದು ಕೈಗವಸು. ಜೇಬಿರುವ ಕೋಟು ಎಂದರೆ ಏನೆಂದು ಜೀವಮಾನದಲ್ಲಿ ಮೊದಲ ಸಲ ಕಂಡ ಮನುಷ್ಯನಂತೆ ತುಂಬಿಕೊಳ್ಳುತ್ತಲೇ ಹೋದರು. ಕೊನೆಗೆ ಊದಿಕೊಂಡು, ಬೆಂಚಿನ ಮೇಲೆ ಕೂರಲೂ ಆಗದೆ, ನಿಂತೇ ರೈಲು ತಪ್ಪಿಸಿಕೊಂಡರು. ಸಾಮಾನು ವಾಪಸ್ ಕೊಡುವಾಗ ಬೀಗದ ಕೈಯನ್ನು ಅಜ್ಜಿಗೂ ಬಾಳೆಹಣ್ಣನ್ನು ಕನ್ನಡಕದವರಿಗೂ ಕೊಟ್ಟರು. ಜನ ಕಣ್ಣೊರೆಸಿಕೊಂಡು ನಗುತ್ತಿದ್ದರು. ನಾನೊಬ್ಬಳೇ ತಲೆ ತಗ್ಗಿಸಿ ಕೂತಿದ್ದೆ.

ಸೋಮವಾರ ಅವರು ಕೋಟು ಹಿಡಿದು ಅಂಗಡಿಗೆ ಬಂದಾಗ ನಾನು ಎದ್ದು ನಿಂತು, "ಸರ್, ತಪ್ಪಾಯ್ತು, ಕೇಳಬೇಕಿತ್ತು" ಅಂದೆ.

"ನಲವತ್ತು ವರ್ಷದಿಂದ ಒಂದೇ ಆಟ ಆಡ್ತಾ ಇದೀನಿ ಮೇಡಂ. ಮುಂದೇನಾಗುತ್ತೆ ಅಂತ ನನಗೇ ಗೊತ್ತಿಲ್ಲದೆ ವೇದಿಕೆ ಮೇಲೆ ನಿಂತು ಬಹಳ ಕಾಲ ಆಗಿತ್ತು. ಶನಿವಾರ ಹೆದರಿಕೆ ಆಯ್ತು. ಬಹಳ ಚೆನ್ನಾಗಿತ್ತು ಆ ಹೆದರಿಕೆ." ಅವರು ಕೋಟನ್ನು ನನ್ನ ಮೇಜಿನ ಮೇಲೆ ಹರಡಿದರು. "ಆದರೂ ನನ್ನ ತೂತುಗಳನ್ನ ವಾಪಸ್ ಕೊಡಿ. ಈ ವಯಸ್ಸಿಗೆ ಪ್ರತಿ ಸಲ ಹೊಸದಾಗಿ ಯೋಚನೆ ಮಾಡೋಕೆ ಆಗಲ್ಲ."

ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು, ಒಂದೊಂದು ತೂತು ಎಷ್ಟಗಲ, ಎಲ್ಲಿಂದ ಎಲ್ಲಿಗೆ ಎಂದು ತೋರಿಸಿದರು. ಬಲ ಜೇಬಿಗೆ ಹಾಕಿದ ಕೈ ಕೋಟಿನ ಕೆಳ ಅಂಚಿನಿಂದ ಹೊರಗೆ ಬಂದು ಸ್ವಂತ ಮೊಣಕಾಲನ್ನು ತುರಿಸಬೇಕಂತೆ. ನನ್ನ ಹೊಲಿಗೆ ಬಿಚ್ಚುತ್ತಾ ಹೋದಂತೆ ಕೆಳಗಿನ ಕೈಹೊಲಿಗೆ ಕಾಣತೊಡಗಿತು. ಪುಣ್ಯಕ್ಕೆ ಅದನ್ನು ನಾನು ಕತ್ತರಿಸಿರಲಿಲ್ಲ. ಅವರು ಅದರ ಮೇಲೆ ಬೆರಳಾಡಿಸಿ, "ಇದು ನನ್ನ ಹೆಂಡತಿ ಹಾಕಿದ್ದು. ಹೋಗಿ ನಾಲ್ಕು ವರ್ಷ ಆಯ್ತು. ಅಲ್ಲಿಂದ ಈಚೆಗೆ ಕೋಟು ಬೀರುವಿನಲ್ಲೇ ಇತ್ತು" ಅಂದರು. ನಾನು ಆ ಎಳೆಗಳಿಗೆ ಧಕ್ಕೆಯಾಗದಂತೆ ನಿಧಾನವಾಗಿ ಬಿಚ್ಚಿದೆ.

ಆ ಸೋಮವಾರದಿಂದ, ಬಸ್ಸು ಬರುವವರೆಗೆ ಆ ಕುರ್ಚಿಯಲ್ಲಿ ಕೂರುವುದು ಅವರ ಅಭ್ಯಾಸವಾಯಿತು. ಕಣ್ಣು ಮಂಜಾಗಿದ್ದರಿಂದ ಡ್ರೈವ್ ಮಾಡುತ್ತಿರಲಿಲ್ಲ. ನಾನು ಪ್ಯಾಂಟು ಮಡಚುತ್ತಾ ಅವರ ಜೀವನವನ್ನು ಕಂತುಕಂತಾಗಿ ಕೇಳಿದೆ.

ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಸಮುದ್ರದ ಪಕ್ಕದ ಊರು. ಅಪ್ಪ ಬಸ್ ಕಂಡಕ್ಟರು. ಇವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸಕ್ಕೆ ಸೇರಿ, ವಿಳಾಸ ಓದಿ ಓದಿ ನಗು ತಡೆಯಲಾರದೆ ಬಿಟ್ಟರಂತೆ. ಬೇಸಿಗೆಯಲ್ಲಿ ರಜೆಗೆ ಬರುವ ಜನರಿಗಾಗಿ ಸಮುದ್ರದೊಳಕ್ಕೆ ಚಾಚಿದ ಮರದ ಕಟ್ಟೆಯ ತುದಿಯಲ್ಲೊಂದು ನಾಟಕಶಾಲೆ ಇತ್ತು. ಅಲ್ಲಿ ಒಬ್ಬ ಕುಳ್ಳ ಗೆಳೆಯನ ಜೊತೆ ಜೋಡಿ ಕಟ್ಟಿದರು. ಕುಳ್ಳ ಮಾತಾಡುವವನು, ಇವರು ಮಾತಾಡದವರು. ಒಂಬತ್ತು ಬೇಸಿಗೆ ಹಾಗೆ ನಡೆಯಿತು. ಹತ್ತನೆಯ ಬೇಸಿಗೆಗೆ ಮುಂಚೆ ಕುಳ್ಳನಿಗೆ ಮಾತ್ರ ಲಂಡನ್ನಿನಿಂದ ಕರೆ ಬಂತು.

"ಚಹಾದ ಅಂಗಡೀಲಿ ಕೂತು ನನಗೆ ಹೇಳಿದ. ಹೇಳ್ತಾ ಅತ್ತುಬಿಟ್ಟ. ನಾನೇ ಸಮಾಧಾನ ಮಾಡಬೇಕಾಯ್ತು" ಅಂದರು.

"ನಿಮಗೆ ಬೇಜಾರಾಗಲಿಲ್ವಾ?"

"ಆಯ್ತು. ಆದರೆ ಅವನು ಅಳೋವಾಗ ಮೀಸೆಗೆ ಕೇಕಿನ ಕೆನೆ ಹತ್ತಿತ್ತು. ಅದನ್ನ ನೋಡ್ತಾ ಬೇಜಾರು ಮಾಡಿಕೊಳ್ಳೋದು ಕಷ್ಟ."

ಜೋಡಿ ಮುರಿದ ಮೇಲೆ ಅವರು ನಟರಾದರು. ಬಾಗಿಲು ತೆರೆಯುವ ಬಟ್ಲರ್, ತಪ್ಪು ಮನುಷ್ಯನನ್ನು ಹಿಡಿಯುವ ಪೊಲೀಸು, ಪತ್ತೇದಾರಿ ನಾಟಕದ ಮೊದಲ ಅಂಕದ ಹೆಣ. ಹೆಣದ ಪಾತ್ರವನ್ನೇ ಪತ್ರಿಕೆಗಳು ಹೆಚ್ಚು ಹೊಗಳಿದವಂತೆ. ನಂತರ ಟಿವಿಯ ಒಂದು ಹಾಸ್ಯ ಧಾರಾವಾಹಿಯಲ್ಲಿ ದಿನಾ ಏನಾದರೊಂದು ಎರವಲು ಕೇಳಲು ಬರುವ ಪಕ್ಕದ ಮನೆಯವನ ಪಾತ್ರ ಸಿಕ್ಕಿತು. ಎರಡು ವರ್ಷ ಅವರು ಬೀದಿಗಿಳಿದರೆ ಜನ ಸಕ್ಕರೆ ಪೊಟ್ಟಣ ಕೊಡಲು ಬರುತ್ತಿದ್ದರು. ಧಾರಾವಾಹಿ ನಿಂತಿತು, ಸಕ್ಕರೆಯೂ ನಿಂತಿತು. ಆಗ ಒಂದು ನಾಟಕದ ತಂಡದ ಜೊತೆ ಅಮೆರಿಕಕ್ಕೆ ಬಂದರು, ಮತ್ತೆ ಬಟ್ಲರಾಗಿ. ಡೆಟ್ರಾಯಿಟ್‌ನಲ್ಲಿ ಹಲ್ಲುನೋವು ಹತ್ತಿತು. ಪಕ್ಕದ ಡಿಯರ್‌ಬಾರ್ನ್‌ನ ದಂತವೈದ್ಯರ ಹತ್ತಿರ ಹೋದರೆ ಮುಂಬಾಗಿಲ ಮೇಜಿನ ಹಿಂದೆ ಕೂತಿದ್ದ ಹೆಂಗಸು ಇವರ ಊದಿದ ಕೆನ್ನೆ ನೋಡಿ ನಕ್ಕಳು, ಆಮೇಲೆ ಕ್ಷಮೆ ಕೇಳಿದಳು. ನಾಟಕದ ತಂಡ ಮುಂದಿನ ಊರಿಗೆ ಹೊರಟಾಗ ಬಟ್ಲರ್ ಇಲ್ಲೇ ಉಳಿದುಕೊಂಡ.

ಅವರು ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದದ್ದು ರಂಜಾನ್ ಹಬ್ಬದ ದಿನ, ಶಾವಿಗೆ, ಖರ್ಜೂರ ಹಾಕಿ ಕಾಯಿಸಿದ ಹಾಲಿನ ಸುರ್ಕುಂಬಾ ಕುಡಿಯಲು. ಗಂಡ ಅವರ ಮಾತು ಕೇಳುತ್ತಾ ಕೇಳುತ್ತಾ ಲೋಟ ಕೆಳಗಿಟ್ಟರು. "ಈ ದನಿ ನಾ ಎಲ್ಲೋ ಕೇಳೀನಿ" ಎಂದು ನನಗೆ ಹೇಳಿ, ಕೊನೆಗೆ ಅವರನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಹೆಂಡತಿಯ ಊರಲ್ಲಿ ನೆಲೆಸಿದ ಮೇಲೆ ಅವರು ಕಾರ್ಖಾನೆಗಳ ತರಬೇತಿ ವಿಡಿಯೊಗಳಿಗೆ ದನಿ ಕೊಡುತ್ತಿದ್ದರಂತೆ. ನನ್ನ ಗಂಡ ಕೆಲಸಕ್ಕೆ ಸೇರಿದ ವಾರ ನೋಡಿದ್ದ ಬ್ರೇಕಿನ ಪಾಠದಲ್ಲಿ ಇದ್ದದ್ದು ಇದೇ ದನಿ. ಅವರು ಸುರ್ಕುಂಬಾದ ಬಟ್ಟಲು ಹಿಡಿದುಕೊಂಡೇ ಬ್ರೇಕ್ ಪ್ಯಾಡು ಸವೆದದ್ದನ್ನು ಗುರುತಿಸುವ ಬಗೆಯನ್ನು ದುರಂತ ನಾಟಕದ ರಾಜಕುಮಾರನ ಶೋಕದಂತೆ ಅಭಿನಯಿಸಿದರು. ನನ್ನ ಗಂಡ ನಗುವಾಗ ಕುರ್ಚಿಯಿಂದ ಜಾರಿದ್ದನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ.

ಮರುವರ್ಷ ಷಿಕಾಗೊದ ಒಂದು ಪುಟ್ಟ ರಂಗಮಂದಿರದವರು ಹಳೆಯ ಹಾಸ್ಯಗಾರರನ್ನೆಲ್ಲ ಸೇರಿಸಿ ಶನಿವಾರ ಮಧ್ಯಾಹ್ನ ಒಂದು ಕಾರ್ಯಕ್ರಮ ಮಾಡಿದರು. ಇವರಿಗೂ ಕರೆ ಬಂತು. ನನ್ನ ಕಾಲೇಜಿನ ಗೆಳತಿ ಷಿಕಾಗೊ ಪಕ್ಕದ ಲೊಂಬಾರ್ಡ್‌ನಲ್ಲಿದ್ದಳು, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದವರು. ಅವಳ ಅಪಾರ್ಟ್‌ಮೆಂಟಿನಲ್ಲಿ ಉಳಿಯುವುದೆಂದು ಮಾತಾಡಿಕೊಂಡು, ನಾವೇ ಅವರನ್ನು ನಮ್ಮ ವ್ಯಾನಿನಲ್ಲಿ ಕರೆದೊಯ್ದೆವು. ಇನ್ನೂರೆಂಬತ್ತು ಮೈಲಿ ದಾರಿ. ನಾನು ಬೆಳಿಗ್ಗೆಯೇ ಎದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಂಡಿದ್ದೆ. ಖಾರ ಇದೆ ಎಂದು ಎಚ್ಚರಿಸಿದರೂ ಅವರು ಇಡೀ ಬಜ್ಜಿ ತಿಂದರು. ಮುಖ ಕದಲಲಿಲ್ಲ. ಕಣ್ಣಿಂದ ಮಾತ್ರ ಧಾರೆ. ಹಾಗೇ ಹೆದ್ದಾರಿಯ ಮೂರು ಎಕ್ಸಿಟ್ ದಾಟಿದ ಮೇಲೆ, "ಇನ್ನೊಂದು ಇದೆಯಾ?" ಅಂದರು. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು, "ಅಂಕಲ್, ಯು ಆರ್ ಕ್ರೈಯಿಂಗ್" ಅಂದಳು. "ಸಂತೋಷಕ್ಕೆ" ಅಂದರು.

ಗೆಳತಿಯ ಮನೆಯಲ್ಲಿ ದಾವಣಗೆರೆಯಿಂದ ಅವಳ ಅತ್ತೆ ಬಂದಿದ್ದರು. ಬಂದು ನಾಲ್ಕು ತಿಂಗಳು. ಹೊರಗೆ ಹಿಮ, ಮಗ ಸೊಸೆ ಆಫೀಸಿಗೆ, ಮೊಮ್ಮಗ ಶಾಲೆಗೆ. "ಬಾಯಿ ಬಿಟ್ಟು ಮಾತಾಡಾಕೆ ಇಲ್ಲಿ ಫ್ರಿಜ್ ಒಂದೇ ನನಗೆ. ಅದೂ ಗುರ್ ಅಂತೈತಿ" ಎಂದು ನನ್ನ ಹತ್ತಿರ ಹೇಳಿಕೊಂಡರು. ಇಂಗ್ಲಿಷ್ ಅವರಿಗೆ ಒಂದಕ್ಷರ ಬಾರದು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹಾಸ್ಯನಟರು ಒಂದು ಸಲ ಅಭ್ಯಾಸ ಮಾಡುತ್ತೇನೆ ಎಂದು ಕೋಟು, ಟೋಪಿ ಹಾಕಿಕೊಂಡು ನಡುಮನೆಯಲ್ಲಿ ನಿಂತರು. ಅತ್ತೆಯವರು ಸೋಫಾದ ಮೇಲೆ ಕಾಲು ಮಡಚಿ ಕೂತರು. ಬಲ ಜೇಬಿಗೆ ಹಾಕಿದ ಕೈ ಮೊಣಕಾಲಿನ ಹತ್ತಿರ ಬಂದು ತುರಿಸಿದ ಕೂಡಲೇ ಆಕೆ ಸೆರಗು ಬಾಯಿಗೆ ಒತ್ತಿಕೊಂಡರು. ಎಡಗೈ ಬೆನ್ನಿನ ಸೀಳಿನಿಂದ ನುಸುಳಿ ಕಾಲರಿನ ಹಿಂದೆ ಹೊರಗೆ ಬಂದು ಬಲ ಭುಜ ತಟ್ಟಿತು, ಅವರು ತಿರುಗಿ ಯಾರು ಎಂದು ನೋಡಿದರು. ಆಕೆ ನಕ್ಕು ನಕ್ಕು ಸೋಫಾಕ್ಕೆ ಒರಗಿದರು. ನಗು ತಗ್ಗಿದ ಮೇಲೆ ಅವರಿಗೆ ಕನಿಕರ ಬಂತು. ಮುಂದಕ್ಕೆ ಬಾಗಿ, ಕನ್ನಡದಲ್ಲೇ, "ಅಲ್ಲಪ್ಪ, ಎಲ್ಲಾ ಕಡೆ ತಡಕಾಡ್ದಿ. ಟೋಪಿಯಾಗೆ ನೋಡ್ಕಂಡ್ಯಾ?" ಅಂದರು.

ಅವರು ಆಟ ನಿಲ್ಲಿಸಿ ನನ್ನ ಕಡೆ ನೋಡಿದರು. ಅನುವಾದ ಮಾಡಿ ಹೇಳಿದೆ.

ಅಷ್ಟು ವರ್ಷವೂ ಆ ಆಟ ಟಿಕೆಟ್ ಸಿಗದೆ, ರೈಲು ಹೊರಟುಹೋಗುವಲ್ಲಿಗೇ ಮುಗಿಯುತ್ತಿತ್ತು. ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ಅದರೊಳಗೆ ನೋಡಿದರು. ಸುಮಾರು ಹೊತ್ತು ನೋಡಿದರು. "ನಲವತ್ತು ವರ್ಷ ಇದು ನನ್ನ ತಲೆ ಮೇಲೇ ಇತ್ತು" ಅಂದರು. ಆಮೇಲೆ ಎದ್ದು ಅತ್ತೆಯವರಿಗೆ ತಲೆ ಬಾಗಿಸಿ, ನನ್ನ ಹತ್ತಿರ ಒಂದು ಚೂರು ರಟ್ಟು ಕೇಳಿದರು.

ಮರುದಿನ ಅತ್ತೆಯವರು ತಾವೂ ಬರುತ್ತೇನೆಂದು ಹಟ ಹಿಡಿದರು. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಬೂಟು. ಷಿಕಾಗೊದಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ ಎಂಬುದನ್ನು ನನ್ನ ಗಂಡ ಮರೆತು ತಮ್ಮ ಮಿಷಿಗನ್ ಗಡಿಯಾರ ನೋಡಿಯೇ ಹೊರಡಿಸಿದ್ದರಿಂದ, ಬಾಗಿಲು ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಎರಡನೆಯ ಸಾಲು ಸಿಕ್ಕಿತು.

ಅವತ್ತು ಅವರು ಎಲ್ಲ ತೂತುಗಳನ್ನೂ ಹುಡುಕಿ ಮುಗಿಸಿ, ಬೆಂಚಿನ ಮೇಲೆ ಕುಸಿದು ಕೂತರು. ಬೆವರೊರೆಸಲು ಟೋಪಿ ತೆಗೆದರು. ಟೋಪಿಯೊಳಗಿನ ಪಟ್ಟಿಗೆ ಸಿಕ್ಕಿಸಿದ್ದ ಟಿಕೆಟ್ಟು ಇಡೀ ಸಭೆಗೆ ಕಂಡಿತು. ಅವರಿಗೂ ಕಂಡಿತು. ಮುಖದಲ್ಲಿ ಬೆಳಕು ಬಂತು. ಆ ನಿಶ್ಶಬ್ದದಲ್ಲಿ ನನ್ನ ಪಕ್ಕದಿಂದ ದಾವಣಗೆರೆಯ ಕಂಠ ಗಟ್ಟಿಯಾಗಿ ಕೇಳಿಸಿತು: "ನಾ ಹೇಳಿದ್ನಿಲ್ಲೇನು?"

ಭಾಷೆ ತಿಳಿಯದಿದ್ದರೂ ಅರ್ಥ ಎಲ್ಲರಿಗೂ ತಿಳಿಯಿತು. ಸಭೆ ಘೊಳ್ಳೆಂದಿತು. ಅವರು ನಗು ಇಳಿಯುವವರೆಗೆ ಕಾದರು. ಆಮೇಲೆ ಟಿಕೆಟನ್ನು ಎರಡು ಸಲ ಓದಿ, ಮುತ್ತಿಟ್ಟು, ಇನ್ನು ಕಳೆಯಬಾರದೆಂದು ಬಹಳ ಜೋಪಾನವಾಗಿ ಬಲ ಜೇಬಿಗೆ ಹಾಕಿಕೊಂಡರು. ಅದು ಕೋಟಿನೊಳಗಿಂದ ಜಾರಿ ಕೆಳಗೆ ಬಿತ್ತು. ಅವರು ಸೂಟ್‌ಕೇಸು ಎತ್ತಿಕೊಂಡು ಅದನ್ನು ತುಳಿದುಕೊಂಡೇ ರೈಲಿನ ಕಡೆ ನಡೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎರಡನೆಯ ಸಾಲಿನ ಕಡೆ ಕೈ ತೋರಿಸಿದಾಗ ಅತ್ತೆಯವರು ಜಾಕೆಟ್ಟಿನ ಜಿಪ್ಪು ಸರಿಮಾಡಿಕೊಂಡು, ಎದ್ದು, ನಾಲ್ಕು ದಿಕ್ಕಿಗೂ ಕೈ ಮುಗಿದರು.

ಆ ಕಾರ್ಯಕ್ರಮದ ನಂತರ ಅವರಿಗೆ ಅಲ್ಲಿ ಇಲ್ಲಿ ಕರೆ ಬರತೊಡಗಿತು. ಡಿಯರ್‌ಬಾರ್ನ್‌ನ ಲೈಬ್ರರಿಯಲ್ಲಿ, ನಾಲ್ಕು ಜನರ ಮುಂದೆ ಮಾತಾಡಲು ನಾಚುವವರಿಗೆಂದೇ ವಾರಕ್ಕೊಂದು ತರಗತಿ ಶುರು ಮಾಡಿದರು. ಮಗಳನ್ನು ಸೇರಿಸಲು ಹೋದ ನಾನೂ ಸೇರಿದೆ. ನಾಚುವುದನ್ನು ಬಿಡಬೇಕಿಲ್ಲ, ನಾಚಿಕೆಯನ್ನೂ ಜೊತೆಗೆ ವೇದಿಕೆಗೆ ಕರೆತಂದರೆ ಸಾಕು ಅನ್ನುತ್ತಿದ್ದರು. ಎರಡು ವರ್ಷದ ಮೇಲೆ ನಾನು ಕನ್ನಡ ಸಂಘದ ದೀಪಾವಳಿ ಕಾರ್ಯಕ್ರಮದಲ್ಲಿ ಹೊಲಿಗೆ ಅಂಗಡಿಯ ಗಿರಾಕಿಗಳ ಬಗ್ಗೆ ಆರು ನಿಮಿಷ ಮಾತಾಡಿದೆ. ಒಂದು ಪದವೂ ಅರ್ಥವಾಗದ ಅವರು ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದರು.

"ಹೇಗಿತ್ತು ಸರ್?" ಎಂದು ಕೇಳಿದೆ.

"ಎರಡು ಕಡೆ ಜನರಿಗಿಂತ ಮೊದಲು ನೀವೇ ನಕ್ಕಿರಿ. ಬೇರೆಯವರ ಊಟಾನ ನೀವು ತಿಂದ ಹಾಗೆ ಅದು. ಉಳಿದದ್ದು ಬಹಳ ಚೆನ್ನಾಗಿತ್ತು."

ಇದು ನನಗೆ ಸಿಕ್ಕ ಒಂದೇ ವಿಮರ್ಶೆ. ಈಗಲೂ ಪಾಲಿಸುತ್ತೇನೆ.

ಕೆಲವು ವರ್ಷಗಳ ನಂತರ ಇಂಗ್ಲೆಂಡಿನಿಂದ ಅವರ ತಂಗಿಯ ಮಗಳು ಫೋನ್ ಮಾಡಿದಳು. ಅಲ್ಲಿನ ಟಿವಿಯವರು ಆಸ್ಪತ್ರೆಯ ಧಾರಾವಾಹಿಯೊಂದಕ್ಕೆ ಹಟಮಾರಿ ಮುದುಕ ರೋಗಿಯನ್ನು ಹುಡುಕುತ್ತಿದ್ದರು. ಆರು ವಾರದ ಕೆಲಸ ಎಂದು ಹೋದರು. ಮುದುಕ ಸಾಯಬೇಕಿತ್ತು, ಆದರೆ ನೋಡುವವರು ಬಿಡಲಿಲ್ಲ. ಆರು ವಾರ ಮೂರು ವರ್ಷವಾಯಿತು. ಅವರು ಆ ತಂಗಿಯ ಮಗಳ ಮನೆಯಲ್ಲೇ, ಹುಟ್ಟಿದ ಸಮುದ್ರದ ಊರಿನ ಹತ್ತಿರವೇ ಉಳಿದುಕೊಂಡರು. ಅಷ್ಟರಲ್ಲಿ ಕಾರು ಉದ್ಯಮ ಕುಸಿದು ನನ್ನ ಗಂಡನೂ ಷಿಕಾಗೊ ಕಡೆ ಕೆಲಸ ಹುಡುಕಿಕೊಂಡು, ನಾವು ಲೊಂಬಾರ್ಡ್‌ಗೆ ಬಂದಿದ್ದೆವು. ಅವರು ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಮಗಳ ಪರೀಕ್ಷೆ ಕೇಳುತ್ತಿದ್ದರು, ಮೆಣಸಿನಕಾಯಿ ಬಜ್ಜಿಯನ್ನು ಅಂಚೆಯಲ್ಲಿ ಕಳಿಸಲು ಆಗುತ್ತದೆಯೇ ಎಂದು ಕೇಳುತ್ತಿದ್ದರು.

ಒಂದು ಭಾನುವಾರ ಬಹಳ ಖುಷಿಯಲ್ಲಿದ್ದರು. ಹಿಂದಿನ ದಿನ ಅಲ್ಲಿನ ಬೇಕರಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಇವರನ್ನು ಅಡ್ಡಗಟ್ಟಿ, ದಿಟ್ಟಿಸಿ ನೋಡಿ, ಹಳೆಯ ಹಾಸ್ಯ ಧಾರಾವಾಹಿಯ ಪಕ್ಕದ ಮನೆಯವರೆಂದು ಗುರುತು ಹಿಡಿದು, "ನೀವು ತೀರಿಹೋಗಿದ್ರಿ ಅಲ್ವಾ?" ಎಂದು ಕೇಳಿದರಂತೆ.

"ನೀವೇನಂದ್ರಿ ಸರ್?"

"ಇಲ್ಲ ಮೇಡಂ, ಡಿಯರ್‌ಬಾರ್ನ್‌ನಲ್ಲಿ ಇದ್ದೆ, ಅಂದೆ. ಆಕೆ ಎರಡೂ ಹೆಚ್ಚುಕಡಿಮೆ ಒಂದೇ ತಾನೇ ಅನ್ನೋ ಹಾಗೆ ನೋಡಿದಳು. ನಾನು ಆಕೆಯನ್ನ ಅಲ್ಲೇ ಕೂರಿಸಿಕೊಂಡು ಒಂದು ಗಂಟೆ ನಮ್ಮ ಡಿಯರ್‌ಬಾರ್ನ್‌ನ ಸುದ್ದಿ ಹೇಳಿದೆ."